ಕೆಂಪು ಬಾವುಟದವಳು

ಆರೂವರೆ. ಧಕ್ಕೆಯ ಹಲಗೆಗಳ ಮೇಲೆ
ಹಿಮವೋ ಉಪ್ಪೋ, ಬೂಟಿನಡಿ ಕರಕರ.
ಕಂಬದ ಉಷ್ಣಮಾಪಕಕ್ಕೆ ಟಾರ್ಚು ಹಿಡಿದು ನೋಡುತ್ತೇನೆ:
ಸೊನ್ನೆಯ ಕೆಳಗೆ ಐದು.
ಬಾವುಟ ಏರಿಸುತ್ತೇನೆ. ಕೆಂಪು, ಅಂಚು ಪಿಸಿದದ್ದು.
ರಾಟೆ ಕಿರ್ರೆಂದದ್ದು ದ್ವೀಪಕ್ಕೆಲ್ಲ ಕೇಳಿಸಿತೇನೋ,
ಮೇಲುಬೀದಿಯ ಒಂದು ಅಡುಗೆಮನೆಯಲ್ಲಿ
ದೀಪ ಆರುತ್ತದೆ. ಯಾರೋ ಮತ್ತೆ ಹಾಸಿಗೆಗೆ.

ಉಳಿದವರು ಬರುತ್ತಾರೆ.
ಟ್ರಕ್ಕಿನ ಎಂಜಿನ್ ಆರಿಸದೆ, ಕಿಟಕಿ ಇಳಿಸದೆ
ಕೂತಲ್ಲಿಂದಲೇ ನನ್ನನ್ನು ನೋಡುತ್ತಾರೆ,
ಈ ಚಳಿಯನ್ನು ನಾನೇ ರಾತ್ರಿಯೆಲ್ಲ ಕೂತು ನೇಯ್ದಂತೆ.

ಹತ್ತರೊಳಗೆ ಎರಡಕ್ಕೆ ಏರಿದರೆ ದೋಣಿ ಬಿಡಬಹುದು,
ಏರದಿದ್ದರೆ ದಿನ ಹೋಯಿತು. ಕಾನೂನು ಇಷ್ಟೇ.
ಅದರ ಕಾರಣ ಹೆಬ್ಬೆರಳ ಉಗುರಿನಷ್ಟು:
ಬಲೆ ತಳ ಬಾಚಿ ಬಂದು ಹಲಗೆಗೆ ಸುರಿದಾಗ
ಬಲಿತ ಸ್ಕ್ಯಾಲಪ್ಪುಗಳ ಜೊತೆ ಮರಿಗಳೂ ಬೀಳುತ್ತವೆ,
ಚಿಪ್ಪಿಗೆ ವರ್ಷದ ಗೆರೆ ಇನ್ನೂ ಮೂಡದವು.
ಆರಿಸಿ ನೀರಿಗೆ ಮರಳಿ ಎಸೆಯುವ ಮೂರು ನಾಲ್ಕು ನಿಮಿಷ
ಗಾಳಿ ಅವನ್ನು ಕೊಲ್ಲದಿರಬೇಕು.
ಮುಂದಿನ ಚಳಿಗಾಲದ ಅನ್ನ ಅವು.

ಎಂಟೂವರೆಗೆ ಲೆಮ್ಯುಯೆಲ್ ಪಿಂಕಮ್ ಇಳಿದು ಬಂದ.
ಎಪ್ಪತ್ತನಾಲ್ಕು. ತೋರುಬೆರಳ ತುದಿ ರಾಟೆಗೆ ಕೊಟ್ಟವನು.
ಐವತ್ತೆಂಟರ ನನ್ನನ್ನು ಈಗಲೂ ಹುಡುಗಿ ಎನ್ನುತ್ತಾನೆ.
"ಹುಡುಗೀ, ಒಂದು ಸಲ ಅದರ ಮೇಲೆ ಉಸಿರು ಬಿಡೇ,
ಯಾರು ನೋಡ್ತಾರೆ?"
ಎಲ್ಲರೂ ನಕ್ಕರು. ನಗೆ ಬಾಯಿಂದ ಬೆಳ್ಳಗೆ ಹೊರಟು
ಧಕ್ಕೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು.
ನಾನೂ ನಕ್ಕೆ, ಕೈ ಬೆನ್ನ ಹಿಂದೆ ಕಟ್ಟಿ.

ಹನ್ನೊಂದು ಚಳಿಗಾಲದ ಹಿಂದೆ
ಮೂರು ದಿನ ಸತತ ಕೆಂಪು, ನಾಲ್ಕನೆಯದೂ ಹಾಗೇ.
ಕ್ರಿಸ್‌ಮಸ್ಸಿಗೆ ಐದೇ ದಿನ.
ತಮ್ಮ ಏಸಾ ತನ್ನ ದೋಣಿಯಲ್ಲಿ ನಿಂತು
ಬಕೆಟ್ಟಿನಿಂದ ಮಂಜುಗಡ್ಡೆ ಕೆರೆಯುತ್ತಿದ್ದ. ನನ್ನ ಕಡೆ ನೋಡಲಿಲ್ಲ.
ನೋಡಿದ್ದರೆ ಬಹುಶಃ ಮಾಡುತ್ತಿರಲಿಲ್ಲ.
ಒಂಬತ್ತು ಐವತ್ತನಾಲ್ಕು. ಪಾದರಸ ಒಂದು ಕೂದಲಿನಷ್ಟು ಕೆಳಗೆ.
ಕಾಫಿ ಲೋಟ ಹಿಡಿದು ಬೆಚ್ಚಗಿದ್ದ ಹೆಬ್ಬೆರಳು
ಗಾಜಿನ ಬುಡ್ಡಿಯ ಮೇಲೆ ಇಟ್ಟೆ.

ಹದಿನಾಲ್ಕು ದೋಣಿ, ಕೇಕೆ ಹಾಕುತ್ತ ಹೊರಟವು.

ಮಧ್ಯಾಹ್ನ ಏಸಾನ ಹಲಗೆ ತೊಳೆಯಲು ಹೋದೆ.
ಸಂದಿನಲ್ಲಿ, ಕಡಲಹುಲ್ಲಿನ ಎಳೆಗಳ ನಡುವೆ, ಮರಿಗಳು.
ಅಂಚಿನುದ್ದಕ್ಕೂ ಪೋಣಿಸಿದ ನೀಲಿ ಕಣ್ಣು,
ಸಾಸಿವೆಗಿಂತ ಸಣ್ಣವು, ಎಲ್ಲ ತೆರೆದವು.
ಬೆರಳು ಒಯ್ದರೂ ಚಿಪ್ಪು ಮುಚ್ಚಲಿಲ್ಲ.

ಮರುವರ್ಷ ಕೊಲ್ಲಿ ಕೈಕೊಟ್ಟಿತು.
ಹುಲ್ಲು ಸತ್ತಿದೆ ಎಂದರು, ಏಡಿ ಹೆಚ್ಚಾಗಿದೆ ಎಂದರು,
ಬೇಸಿಗೆಯ ಬಂಗಲೆಗಳ ಲಾನಿನ ಗೊಬ್ಬರ ಎಂದರು.
ಹೌದು ಹೌದು ಎಂದೆ.
ಒಂದು ಹೆಬ್ಬೆರಳಿಗೆ ಕೊಲ್ಲಿ ಬರಿದಾಗುವುದಿಲ್ಲ, ಗೊತ್ತು.
ಏಸಾ ದೋಣಿ ಮಾರಿ ಆ ಬಂಗಲೆಗಳಿಗೇ
ಬಾಗಿಲು ಕೂರಿಸಲು ಹೋದ.
ಅವನಿಗೆ ಹೇಳಿಲ್ಲ. ಯಾರಿಗೂ.

ಇವತ್ತು ಒಂಬತ್ತು ನಲವತ್ತು. ಸೊನ್ನೆಯ ಕೆಳಗೆ ಮೂರು.
ಡೆಲ್ಫಿನಾ ಬರೋಸ್ ಚಿಪ್ಪು ಬಿಡಿಸುವ ಗುಡಿಸಲಿಂದ
ಏಪ್ರನ್ನಿನಲ್ಲೇ ಕಾಫಿ ತಂದಳು.
"ಅಲ್ಲಿ ಹಲಗೆ ಮೇಲಿಡು," ಎಂದೆ.
ಪ್ರತಿ ಸಲ ಹಾಗೇ ಎನ್ನುತ್ತೇನೆ. ಇಟ್ಟಳು. ಏಕೆಂದು ಕೇಳುವವಳಲ್ಲ.
ಹೊಸ ಎಂಜಿನ್ನಿಗೆ ಸಾಲ ಎತ್ತಿದ ವಿಲ್ಟನ್
ಟ್ರಕ್ಕು ತಿರುಗಿಸಿದ, ಮತ್ತೆ ತಿರುಗಿಸಿ ನಿಲ್ಲಿಸಿದ.

ಮೋಡದ ಹಿಂದೆ ಬಿಸಿಲು ಬಂತೋ ಬರಲಿಲ್ಲವೋ,
ನೀರಿನ ಬಣ್ಣ ಮಾತ್ರ ಸೀಸದಿಂದ ತವರಕ್ಕೆ ತಿರುಗಿತು.
ಐವತ್ತೆರಡಕ್ಕೆ ಎರಡೂವರೆ.
ಐವತ್ತೇಳಕ್ಕೆ

"ಪಿಂಕಮ್, ಬಾ ಇಲ್ಲಿ, ನೀನೇ ಓದು."
ಕನ್ನಡಕ ಒರೆಸಿ, ಮೂಗು ತಾಕುವಷ್ಟು ಬಾಗಿದ.
"ಉಸಿರು ಬಿಗಿ ಹಿಡಿ," ಎಂದೆ. ಹಿಡಿದ, ಪಾಪ, ಮುದುಕ,
ಮುಖ ಕೆಂಪಾಗುವವರೆಗೆ.
"ಎರಡು," ಎಂದ.

ಬಾವುಟ ಇಳಿಸಿದೆ.
ಒಂದೊಂದೇ ಎಂಜಿನ್ ಕೆಮ್ಮಿ ಹತ್ತಿಕೊಂಡಿತು,
ವಿಲ್ಟನ್ನನದು ಕೊನೆಗೆ, ಎರಡು ಸಲ ಬೈಸಿಕೊಂಡು.
ದೋಣಿಗಳು ಕಲ್ಲುಗೋಡೆ ದಾಟುವ ತನಕ ನಿಂತಿದ್ದು
ಕೈ ಬಿಚ್ಚಿ, ಕೈಗವಸು ಕಳಚಿ, ಲೋಟ ಎತ್ತಿಕೊಂಡೆ.
ಕಾಫಿ ಆರಿತ್ತು.